ದೂರದಿಂದ ಓಡುವ ಪುಟ್ಟ ಕಾರು

ಹಿರಿಯೂರಿನಲ್ಲಿ ತೇರುಮಲ್ಲೇಶ್ವರನ ತೇರೆಳೆಯಲು ನೂರಾರು ಕೈಗಳು ಬೇಕು. ಜಾತ್ರೆಯಿಂದಲೋ ಪೇಟೆಯಿಂದಲೋ ಮನೆಗೆ ತಂದ ರಿಮೋಟ್ ಕಾರಿಗೆ ಮಗುವಿನ ಹೆಬ್ಬೆರಳು ಸಾಕು. ಈ ವಿದ್ಯೆ ಹೊಸತಲ್ಲ. 1898ರಲ್ಲಿಯೇ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ಪುಟ್ಟ ದೋಣಿಯೊಂದನ್ನು ತಂತಿಯಿಲ್ಲದೆ ದೂರದಿಂದ ನಡೆಸಿ ತೋರಿಸಿದ್ದನು.

ಮನೆಯಲ್ಲಿ ಮಕ್ಕಳಿಬ್ಬರಿದ್ದರೆ, ಅಗ್ಗವೆಂದು ಒಂದೇ ಬಗೆಯ ಎರಡು ಕಾರುಗಳನ್ನು ಕೊಳ್ಳುವ ತಂದೆ ಕೊಂಚ ತಡೆಯಬೇಕು. ಎರಡೂ 27 ಮೆಗಾಹರ್ಟ್ಸ್ ಅಲೆಯವಾದರೆ, ಅಣ್ಣನು ಗುಂಡಿಯೊತ್ತಿದಾಗ ತಂಗಿಯ ಕಾರೂ ಓಡೀತು, ಜಗಳವೂ ಮೊದಲಾದೀತು! 2.4 ಗಿಗಾಹರ್ಟ್ಸಿನವು ತಂತಮ್ಮ ರಿಮೋಟಿನ ಮಾತನ್ನಷ್ಟೇ ಕೇಳುತ್ತವೆ. ತುಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಆಟಿಕೆಗಳಿಗೆ 2021ರ ಜನವರಿ 1ರಿಂದ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ, ಅದನ್ನು ನೋಡಿಯೇ ಕೊಳ್ಳಬೇಕು. ಬ್ಯಾಟರಿಯ ಮುಚ್ಚಳಕ್ಕೆ ತಿರುಪಿರಲಿ: ಗುಂಡಿಯಂಥ ಸಣ್ಣ ಬ್ಯಾಟರಿಯನ್ನು ಕೂಸು ನುಂಗಿದರೆ ಪ್ರಾಣಕ್ಕೇ ಅಪಾಯ. ಹಣ ಕೊಡುವ ಮುನ್ನ ಎರಡು ಕಾರುಗಳನ್ನೂ ಅಂಗಡಿಯಲ್ಲಿಯೇ ಒಟ್ಟಿಗೆ ಓಡಿಸಿ ನೋಡುವುದು ಲೇಸು.