ಮಣ್ಣಿನ ಮೇಲೆ ಬೈಕ್: ನಿಮಗಿದು ಗೊತ್ತೇ?

ಮೋಟೊಕ್ರಾಸ್ ಬೈಕಿನ ಮುಂದಿನ ಮಡ್‌ಗಾರ್ಡ್ ಚಕ್ರದಿಂದ ಅಷ್ಟು ಎತ್ತರದಲ್ಲಿರುವುದು ಏಕೆ? ಸಿರುಗುಪ್ಪದ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಮಳೆ ಬಿದ್ದ ಎರೆ ಹೊಲದ ದಾರಿಗೆ ಮಾಮೂಲಿ ಬೈಕ್ ಇಳಿಸಿ ನೋಡಿ. ಚಕ್ರಕ್ಕೆ ಮೆತ್ತಿಕೊಂಡ ಮಣ್ಣು ಮಡ್‌ಗಾರ್ಡಿನೊಳಗೆ ಗಟ್ಟಿಯಾಗಿ ತುಂಬಿ, ಸ್ವಲ್ಪ ದೂರ ಹೋಗುವಷ್ಟರಲ್ಲಿ ಚಕ್ರವೇ ತಿರುಗದು. ಕಡ್ಡಿ ಹಾಕಿ ಕೆರೆದು ತೆಗೆಯಬೇಕು. ಆ ಮಣ್ಣಿಗೆ ಜಾಗ ಬಿಡಲೆಂದೇ ಮಡ್‌ಗಾರ್ಡನ್ನು ಮೇಲೇರಿಸಿದ್ದಾರೆ.

ಮಣ್ಣಿನ ಹಾದಿಯಲ್ಲಿ ಬೈಕ್ ಓಡಿಸುವ ಈ ಮೋಟೊಕ್ರಾಸ್ ಆಟ ನೂರು ವರ್ಷ ದಾಟಿದೆ. ಇಂಗ್ಲೆಂಡಿನ ಕ್ಯಾಂಬರ್ಲಿಯಲ್ಲಿ 1924ರ ಮಾರ್ಚ್ 29ರಂದು ನಡೆದ ಸ್ಪರ್ಧೆಯೇ ಇದರ ಆರಂಭ ಎನ್ನುತ್ತಾರೆ.

ಈ ಆಟದಲ್ಲಿ ಸವಾರರು ಹೆಚ್ಚಾಗಿ ನಿಂತೇ ಓಡಿಸುತ್ತಾರೆ. ನಿಂತು ಓಡಿಸಿದರೆ ಭಾರ ಕೆಳಗಿಳಿಯುತ್ತದೆ ಎಂದು ಅನೇಕರು ನಂಬಿದ್ದಾರೆ. ಹಾಗಿಲ್ಲ, ನಿಂತವನ ಗುರುತ್ವ ಕೇಂದ್ರ ಮೇಲಕ್ಕೇ ಹೋಗುತ್ತದೆ. ಲಾಭ ಇರುವುದು ಬೇರೆ ಕಡೆ. ಮಂಡಿ ಬಗ್ಗಿಸಿ ಫುಟ್‌ರೆಸ್ಟ್ ಮೇಲೆ ನಿಂತಾಗ ಕಾಲುಗಳೇ ಇನ್ನೊಂದು ಸಸ್ಪೆನ್ಷನ್ ಆಗುತ್ತವೆ. ಕೆಳಗೆ ಬೈಕ್ ಎಷ್ಟೇ ಕುಣಿದರೂ ಮೇಲೆ ಸವಾರನ ತಲೆ ಹೆಚ್ಚು ಅಲುಗಾಡುವುದಿಲ್ಲ. ಕುರುಗೋಡು ಗುಡ್ಡಗಳ ಬುಡದಲ್ಲಿರುವಂಥ ಕಲ್ಲುದಾರಿಯಲ್ಲಿ ಸೀಟಿಗೆ ಅಂಟಿಕೊಂಡು ಕೂತವರ ಬೆನ್ನು ಏನಾಗುತ್ತದೆ ಎಂದು ಕೂತು ಹೋದವರಿಗೇ ಗೊತ್ತು.

ಬೈಕನ್ನು ಹಿಡಿದುಕೊಳ್ಳಬೇಕಾದದ್ದು ಮಂಡಿಗಳು, ಕೈಗಳಲ್ಲ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಹ್ಯಾಂಡಲನ್ನು ಬಿಗಿಯಾಗಿ ಹಿಡಿದರೆ ಮುಂಗೈ ಸ್ನಾಯುಗಳು ಉಬ್ಬಿ ಕಲ್ಲಿನಂತಾಗುತ್ತವೆ, ಆಮೇಲೆ ಬ್ರೇಕ್ ಒತ್ತಲೂ ಬೆರಳು ಬಾರದು. ಸವಾರರು ಇದನ್ನು ‘ಆರ್ಮ್ ಪಂಪ್’ ಎನ್ನುತ್ತಾರೆ. ಮಂಡಿ ಟ್ಯಾಂಕನ್ನು ಒತ್ತಿರಲಿ, ಮೊಣಕೈ ಮೇಲೆದ್ದು ಹೊರಕ್ಕೆ ಚಾಚಿರಲಿ, ಕ್ಲಚ್ ಮತ್ತು ಬ್ರೇಕಿನ ಮೇಲೆ ಒಂದೆರಡು ಬೆರಳಷ್ಟೇ ಇರಲಿ.

ಮರಳಿನಲ್ಲಿ ಹೆದರಿ ಆಕ್ಸಿಲರೇಟರ್ ಬಿಟ್ಟಿರೋ, ಮುಂದಿನ ಚಕ್ರ ಹೂತುಕೊಂಡಿತೆಂದೇ ಲೆಕ್ಕ! ಹಗರಿ ನದಿ ಪಾತ್ರದ ಸಡಿಲ ಮರಳಾಗಲಿ, ಅರೇಬಿಯಾದ ಮರುಭೂಮಿಯಾಗಲಿ, ಸೂತ್ರ ಒಂದೇ: ಭಾರ ತುಸು ಹಿಂದಕ್ಕೆ, ಆಕ್ಸಿಲರೇಟರ್ ಸಮನಾಗಿ, ಕಣ್ಣು ದೂರಕ್ಕೆ.

ತಿರುವಿನಲ್ಲಿ ಮಾತ್ರ ಕೂರಬೇಕು, ಅದೂ ಟ್ಯಾಂಕಿನ ಹತ್ತಿರಕ್ಕೆ ಜರುಗಿ. ಒಳಗಾಲನ್ನು ಮುಂಚಕ್ರದ ಕಡೆಗೆ ಚಾಚಬೇಕು, ಹೊರಗಾಲಿನಿಂದ ಫುಟ್‌ರೆಸ್ಟನ್ನು ಒತ್ತಬೇಕು. ಒತ್ತಡ ಹೊರಗಾಲಿನ ಮೇಲಿದ್ದಷ್ಟೂ ಟೈರು ಮಣ್ಣನ್ನು ಕಚ್ಚುತ್ತದೆ.

ಗಾಳಿಯಲ್ಲಿರುವಾಗಲೂ ಬೈಕಿನ ಮೂತಿಯನ್ನು ಮೇಲೆ ಕೆಳಗೆ ಮಾಡಬಹುದು! ಜಿಗಿದಾಗ ಮೂತಿ ಕುಸಿಯುತ್ತಿದ್ದರೆ ಆಕ್ಸಿಲರೇಟರ್ ತಿರುವುತ್ತಾರೆ. ಹಿಂಚಕ್ರ ಜೋರಾಗಿ ಸುತ್ತಿದ ಪ್ರತಿಕ್ರಿಯೆಗೆ ಮೂತಿ ಮೇಲೇಳುತ್ತದೆ. ವಿಪರೀತ ಮೇಲೆದ್ದರೆ ಕ್ಲಚ್ ಹಿಡಿದು ಹಿಂದಿನ ಬ್ರೇಕ್ ಒತ್ತುತ್ತಾರೆ. ಸುತ್ತುವ ಚಕ್ರ ಥಟ್ಟನೆ ನಿಂತು ಅದರ ಸುತ್ತುವ ಆವೇಗ ಬೈಕಿಗೆ ವರ್ಗವಾಗಿ ಮೂತಿ ಕೆಳಗಿಳಿಯುತ್ತದೆ. ನೆಲ ತಾಗದೆ ನಡೆಯುವ ಈ ಭೌತಶಾಸ್ತ್ರ ನನಗೆ ಇಡೀ ಆಟದಲ್ಲೇ ಅತಿ ಸುಂದರ ಎನಿಸುತ್ತದೆ. ಕಲಿಯುವವರು ಇದಕ್ಕೆ ಕೈಹಾಕುವುದು ಬಹಳ ತಡವಾಗಿ, ಗುರುವಿನ ಎದುರಿನಲ್ಲೇ ಆಗಲಿ.

ಡಕಾರ್ ರ‍್ಯಾಲಿ ಎಂಬ ಮರುಭೂಮಿಯ ದೀರ್ಘ ಓಟ ಮುಗಿಸಿದ ಮೊದಲ ಭಾರತೀಯ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್. 2015ರಲ್ಲಿ 36ನೇ ಸ್ಥಾನ. ಅವರು ಪಳಗಿದ್ದೇ ಮೋಟೊಕ್ರಾಸ್‌ನಲ್ಲಿ. ಮಣ್ಣಿನ ಸವಾರಿ ಕಲಿಸಲು ಕೋಲಾರದ ಬಳಿ ಬಿಗ್‌ರಾಕ್ ಡರ್ಟ್‌ಪಾರ್ಕ್ ಕಟ್ಟಿದವರೂ ಅವರೇ. 2019ರಲ್ಲಿ ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟದ (ಎಫ್‌ಐಎಂ) ಬಾಹಾ ರ‍್ಯಾಲಿ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಅದೇ ವರ್ಷ ಡಕಾರ್‌ನಲ್ಲಿ 37ನೇ ಸ್ಥಾನ ಪಡೆದ ಕೆ.ಪಿ. ಅರವಿಂದ್ ಅವರನ್ನು ನಾವು ಹೆಚ್ಚು ಗುರುತಿಸುವುದು ಬಿಗ್ ಬಾಸ್‌ನಿಂದ. ಮರುಭೂಮಿಯ ಸಾಧನೆಗೂ ಅಷ್ಟೇ ಮನ್ನಣೆ ಸಿಗಬೇಕಿತ್ತು.

ಅಪ್ಪಟ ಮೋಟೊಕ್ರಾಸ್ ಬೈಕಿಗೆ ಹೆಡ್‌ಲೈಟ್ ಇಲ್ಲ, ಇಂಡಿಕೇಟರ್ ಇಲ್ಲ. ಬಳ್ಳಾರಿಯ ರಸ್ತೆಗೆ ಅದನ್ನು ಇಳಿಸುವಂತಿಲ್ಲ.

ಆದರೆ ನಿಂತು ಓಡಿಸುವ ಆ ನಿಲುವನ್ನು ಮಾಮೂಲಿ ಬೈಕಿನಲ್ಲಿ ಮನೆ ಮುಂದೆಯೇ ಪರೀಕ್ಷಿಸಬಹುದು. ಡಬಲ್ ಸ್ಟ್ಯಾಂಡ್ ಹಾಕಿದ ಬೈಕನ್ನು ಇಬ್ಬರು ಗಟ್ಟಿಯಾಗಿ ಹಿಡಿದಿರಲಿ. ಎಂಜಿನ್ ಬಂದ್ ಇರಲಿ. ಫುಟ್‌ರೆಸ್ಟ್ ಮೇಲೆ ನಿಂತು, ಮಂಡಿ ಮತ್ತು ಸೊಂಟ ಬಗ್ಗಿಸಿ, ಗಲ್ಲವನ್ನು ಹ್ಯಾಂಡಲಿನ ಕಡೆಗೆ ತಂದು ಎರಡೂ ಕೈ ಬಿಡಿ. ಮುಂದಕ್ಕೆ ಮುಗ್ಗರಿಸಿದರೆ ಸೊಂಟ ಹಿಂದಕ್ಕೆ ಹೋಗಬೇಕು. ಹಿಂದಕ್ಕೆ ವಾಲಿದರೆ ಎದೆ ಇನ್ನೂ ಬಾಗಬೇಕು.