ಕಣ್ಣನ್ನು ವಂಚಿಸುವ ಮಿಣುಕು

ಬೇತಮಂಗಲದ ಕೆರೆಯ ಏರಿಯಿಂದ ಕೂಗಳತೆಯ ದೂರದಲ್ಲಿ ನನ್ನ ಸೋದರಮಾವನವರ ಮನೆ. ಪಾಲಾರಿನ ನೀರು ತುಂಬಿದ ಆ ಕೆರೆಯೇ ಒಂದು ಕಾಲದಲ್ಲಿ ಚಿನ್ನದ ಗಣಿಯ ನಗರಕ್ಕೆಲ್ಲ ಕುಡಿಯುವ ನೀರನ್ನು ಕೊಟ್ಟಿತ್ತು. ಮಾವನವರೂ ಹಾಗೆಯೇ, ತಮ್ಮ ಆಯುಷ್ಯದ ಉತ್ತಮ ಭಾಗವನ್ನೆಲ್ಲ ಗಣಿಯ ವಿದ್ಯುತ್ ವಿಭಾಗಕ್ಕೆ ಧಾರೆಯೆರೆದವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಅವರ ಕೈಗೆ ಕೆಲಸವಿಲ್ಲದಂತಾಯಿತು. ಸುಮ್ಮನೆ ಕುಳಿತು ಉಣ್ಣುವ ಜಾಯಮಾನ ಅವರದಲ್ಲ. ಬೆಂಗಳೂರಿನಿಂದ ಯಾರೋ ಬಳಸಿ ಬಿಟ್ಟ ಒಂದು ಕಂಪ್ಯೂಟರನ್ನು ಕೊಂಡು ತಂದು, ಮನೆಯ ಜಗುಲಿಯ ಮೇಲಿಟ್ಟು, ಊರವರಿಗೆ ಅರ್ಜಿ, ಕರಾರುಪತ್ರ, ಲಗ್ನಪತ್ರಿಕೆಗಳನ್ನು ಅಚ್ಚು ಮಾಡಿಕೊಡತೊಡಗಿದರು. ಅದರಿಂದ ಬರುವ ನಾಲ್ಕು ಕಾಸಿನಲ್ಲಿಯೇ ಸಂಸಾರ ನಡೆಯಬೇಕಾಗಿತ್ತು.

2003ರ ಬೇಸಿಗೆಯಲ್ಲಿ ನಾನು ಅಲ್ಲಿಗೆ ಹೋದಾಗ ಮಾವನವರು ಹಣೆಗೆ ಒದ್ದೆಬಟ್ಟೆ ಕಟ್ಟಿಕೊಂಡು ಮಲಗಿದ್ದರು.

“ನನ್ನ ಕಣ್ಣಿನ ಕಥೆ ಮುಗಿಯಿತು ಕಣಪ್ಪ” ಎಂದರು. “ಅರ್ಧ ಗಂಟೆ ಆ ಪೆಟ್ಟಿಗೆಯ ಮುಂದೆ ಕುಳಿತರೆ ತಲೆ ಸಿಡಿಯುತ್ತದೆ. ಎರಡು ಸಲ ಕನ್ನಡಕ ಬದಲಾಯಿಸಿದ್ದಾಯಿತು. ಬಂದ ಬೆಲೆಗೆ ಮಾರಿಬಿಡೋಣ ಎಂದಿದ್ದೇನೆ.”

ಒಳಗಿನಿಂದ ಬಂದ ಅತ್ತೆಯವರ ಮುಖದಲ್ಲಿ, ಮಾರಿದ ಮೇಲೆ ಮುಂದೇನು ಎಂಬ ಪ್ರಶ್ನೆ ಸ್ಪಷ್ಟವಾಗಿ ಬರೆದಿತ್ತು.

ನಾನು ಯಂತ್ರವನ್ನು ಹಚ್ಚಿದೆ. ನೇರವಾಗಿ ನೋಡಿದರೆ ತೆರೆ ನಿಶ್ಚಲವಾಗಿಯೇ ಕಂಡಿತು. ಪಕ್ಕದ ಗೋಡೆಯ ಕ್ಯಾಲೆಂಡರಿನ ಮೇಲೆ ದೃಷ್ಟಿಯಿಟ್ಟು ತೆರೆಯನ್ನು ಕಡೆಗಣ್ಣಿನಿಂದ ಗಮನಿಸಿದಾಗ, ಅದು ಪಟಪಟನೆ ಮಿಣುಕುತ್ತಿದ್ದುದು ತಿಳಿಯಿತು! ರೋಗವಿದ್ದುದು ಮಾವನವರ ಕಣ್ಣಿನಲ್ಲಲ್ಲ, ತೆರೆಯಲ್ಲಿ.

ಮಿಣುಕಿನ ಮರ್ಮ

ಹಿಂಬದಿಯಲ್ಲಿ ಡೊಳ್ಳುಹೊಟ್ಟೆಯಿರುವ ಹಳೆಯ ಮಾನಿಟರುಗಳನ್ನು ವಾಚಕರು ಕಂಡೇ ಇರುತ್ತೀರಿ. ಆ ಗಾಜಿನ ಕೊಳವೆಯ ಹಿಂತುದಿಯಿಂದ ಹೊರಟ ಎಲೆಕ್ಟ್ರಾನುಗಳ ಕಿರಣವು ಮುಂದಿನ ಗಾಜಿಗೆ ಬಳಿದ ರಾಸಾಯನಿಕ ಲೇಪದ ಮೇಲೆ ಬಡಿದಾಗ ಆ ಬಿಂದು ಬೆಳಗುತ್ತದೆ. ಕಿರಣವು, ನಾವು ಪುಸ್ತಕ ಓದುವಂತೆ, ಎಡದಿಂದ ಬಲಕ್ಕೆ ಒಂದೊಂದೇ ಗೆರೆಯಾಗಿ ಮೇಲಿನಿಂದ ಕೆಳಕ್ಕೆ ಸಾಗುತ್ತದೆ. ಆದರೆ ಬೆಳಗಿದ ಬಿಂದು ಕ್ಷಣಾರ್ಧದಲ್ಲಿ ಮಂಕಾಗುತ್ತದೆ. ಆದ್ದರಿಂದ ಕಿರಣವು ಮತ್ತೆ ಮತ್ತೆ ಮೊದಲಿನಿಂದ ಇಡೀ ಚಿತ್ರವನ್ನು ಬರೆಯುತ್ತಲೇ ಇರಬೇಕು. ಹೀಗೆ ಸೆಕೆಂಡಿಗೆ ಎಷ್ಟು ಬಾರಿ ಬರೆಯುತ್ತದೆಯೋ ಅದೇ ತೆರೆಯ ‘ರಿಫ್ರೆಶ್ ರೇಟ್’. ಸೆಕೆಂಡಿಗೆ ಒಂದು ಸಲವೆಂದರೆ ಒಂದು ಹರ್ಟ್ಸ್. ಹಳಬರ ಮಾತಿನಲ್ಲಿ ಒಂದು ಸೈಕಲ್.

ಸೆಕೆಂಡಿಗೆ 60 ಸಲ ಬರೆದರೆ ಹಲವರ ಕಣ್ಣಿಗೆ ಸಾಲದು. ಮಿಣುಕು ಸ್ಪಷ್ಟವಾಗಿ ಕಾಣದಿದ್ದರೂ ಕಣ್ಣು ದಣಿಯುತ್ತದೆ, ತಲೆ ನೋಯುತ್ತದೆ. 75ಕ್ಕೆ ಏರಿಸಿದರೆ ಬಹುಮಂದಿಗೆ ನೆಮ್ಮದಿ. 85 ಇನ್ನೂ ಉತ್ತಮ. ಮಾವನವರ ಯಂತ್ರ 60ರಲ್ಲಿಯೇ ನಿಂತಿತ್ತು.

ಗಣಿಯ ದೀಪಗಳ ನೆನಪು

ಇದನ್ನು ವಿವರಿಸಿದೊಡನೆ ಮಾವನವರು ಒದ್ದೆಬಟ್ಟೆಯನ್ನು ಕಿತ್ತೊಗೆದು ಎದ್ದು ಕುಳಿತರು.

“ಹಾಗೆಂದರೆ ಇದು ನಮ್ಮ ಶಿವನಸಮುದ್ರದ ಕಥೆಯೇ!” ಎಂದರು.

ಅವರ ಮಾತು ಸುಳ್ಳಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಕಾವೇರಿ ವಿದ್ಯುತ್ ಯೋಜನೆಯ ಫಲವಾಗಿ, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 92 ಮೈಲಿ ದೂರವನ್ನು ತಂತಿಯ ಮೇಲೆ ಕ್ರಮಿಸಿ ಕೋಲಾರದ ಗಣಿಗಳನ್ನು ತಲಪಿತು. ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು ಅದಾದ ಮೂರು ವರ್ಷಗಳ ಮೇಲೆ, 1905ರಲ್ಲಿ. ಶಿವನಸಮುದ್ರದ ಆ ವಿದ್ಯುತ್ತು ಈಗಿನಂತೆ 50 ಸೈಕಲಿನದಲ್ಲ, 25 ಸೈಕಲಿನದು. ಗಣಿಯ ಭಾರಿ ಮೋಟಾರುಗಳಿಗೆ ಅದು ಸೊಗಸಾಗಿ ಒಗ್ಗುತ್ತಿತ್ತು. ದೀಪಗಳಿಗೆ ಮಾತ್ರ ಅಷ್ಟು ಹಿತವಲ್ಲ. ಪ್ರತಿಯೊಂದು ಸೈಕಲಿನಲ್ಲಿಯೂ ಪ್ರವಾಹ ಎರಡು ಸಲ ಉಬ್ಬುವುದರಿಂದ ದೀಪದ ಬೆಳಕು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ದಪ್ಪ ತಂತುವಿನ ಬಲ್ಬಾದರೆ, ಕಾವು ಆರುವ ಮೊದಲೇ ಮುಂದಿನ ಉಬ್ಬು ಬಂದು, ಏರಿಳಿತ ಅಷ್ಟಾಗಿ ತಿಳಿಯುವುದಿಲ್ಲ. ತಂತು ತೆಳುವಾದರೆ ಬೆಳಕು ನಡುಗಿದಂತೆ ತೋರುತ್ತದೆ.

“ನಮ್ಮ ತಂದೆಯವರು ಆ ದೀಪದ ಕೆಳಗೆ ಲೆಕ್ಕ ಬರೆದು ಕಣ್ಣುರಿ ಎನ್ನುತ್ತಿದ್ದರು. ನಾವು ಅದನ್ನು ವಯಸ್ಸಿನ ದೋಷ ಎಂದುಕೊಂಡಿದ್ದೆವು. ಈಗ ನನ್ನ ಸರದಿ!” ಎಂದು ಮಾವನವರು ನಕ್ಕರು.

ಏರಿಸುವ ಬಗೆ

ಆ ಕಾಲದ ವಿಂಡೋಸ್ ಎಕ್ಸ್‌ಪಿಯಲ್ಲಿ ಈ ಕೆಲಸ ಸುಲಭವಾಗಿತ್ತು. ತೆರೆಯ ಬರಿದಾದ ಜಾಗದಲ್ಲಿ ಮೌಸಿನ ಬಲಗುಂಡಿಯನ್ನು ಒತ್ತಿ, ಪ್ರಾಪರ್ಟೀಸ್, ಸೆಟ್ಟಿಂಗ್ಸ್, ಅಡ್ವಾನ್ಸ್‌ಡ್, ಮಾನಿಟರ್ ಎಂಬ ಬಾಗಿಲುಗಳನ್ನು ಒಂದೊಂದಾಗಿ ದಾಟಿದರೆ ಸಂಖ್ಯೆಗಳ ಪಟ್ಟಿ ಸಿಕ್ಕುತ್ತಿತ್ತು. ಈಗಿನ ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇ ಎಂಬುದು ದಾರಿ.

ಆದರೆ ಮಾವನವರ ಪಟ್ಟಿಯಲ್ಲಿ 60ರ ಹೊರತು ಬೇರೆ ಸಂಖ್ಯೆಯೇ ಇರಲಿಲ್ಲ! ಕಾರಣ ಮಾನಿಟರಿನ ಜೊತೆ ಬಂದ ಕೈಪಿಡಿಯಲ್ಲಿ ಸಿಕ್ಕಿತು. ಆ ಮಾನಿಟರು ಸೆಕೆಂಡಿಗೆ ಹೆಚ್ಚೆಂದರೆ 54,000 ಗೆರೆಗಳನ್ನು ಎಳೆಯಬಲ್ಲುದು. ತೆರೆಯನ್ನು ಅಡ್ಡಕ್ಕೆ 1024, ಉದ್ದಕ್ಕೆ 768 ಬಿಂದುಗಳಿಗೆ ಹೊಂದಿಸಿದ್ದರು. ಕಿರಣವು ಕೆಳಗಿನಿಂದ ಮೇಲಕ್ಕೆ ಮರಳುವ ಕಾಲವನ್ನೂ ಸೇರಿಸಿದರೆ ಒಂದು ಚಿತ್ರಕ್ಕೆ ಸುಮಾರು 800 ಗೆರೆಗಳಾಗುತ್ತವೆ. 60 ಸಲ ಬರೆಯಲು ಸುಮಾರು 48,000 ಗೆರೆ, ಅದು ಸಾಧ್ಯ. 75 ಸಲವೆಂದರೆ 60,000; ಅದು ಅದರ ಶಕ್ತಿಗೆ ಮೀರಿದ್ದು.

ಹಾಗಾದರೆ ಉಪಾಯವೇನು? ಬಿಂದುಗಳನ್ನು 800 ಮತ್ತು 600ಕ್ಕೆ ಇಳಿಸಿದೆ. ಈಗ ಒಂದು ಚಿತ್ರಕ್ಕೆ ಸುಮಾರು 630 ಗೆರೆ. 85 ಸಲ ಬರೆದರೂ 54,000ದ ಒಳಗೇ ಉಳಿಯಿತು. ಪಟ್ಟಿಯಲ್ಲಿ 85 ತಾನಾಗಿ ಕಾಣಿಸಿಕೊಂಡಿತು. ಆರಿಸಿ ಒಪ್ಪಿಗೆ ಕೊಟ್ಟೊಡನೆ ತೆರೆ ಒಮ್ಮೆ ಕಪ್ಪಾಗಿ, ಮತ್ತೆ ಬೆಳಗಿ, ಗೋಡೆಗೆ ತೂಗುಹಾಕಿದ ಚಿತ್ರಪಟದಂತೆ ನಿಶ್ಚಲವಾಗಿ ನಿಂತಿತು. ಅಕ್ಷರಗಳೂ ದಪ್ಪವಾದುವು, ಅದು ಮಾವನವರಿಗೆ ಬಯಸದೆ ಬಂದ ಭಾಗ್ಯ.

ಎರಡು ಎಚ್ಚರಿಕೆಯ ಮಾತು

ಹಳೆಯ ಮಾನಿಟರನ್ನು ಇನ್ನೂ ಉಳಿಸಿಕೊಂಡವರು ಎರಡು ಸಂಗತಿಗಳನ್ನು ಮರೆಯಲಾಗದು. ಮಾನಿಟರಿಗೆ ಸಾಧ್ಯವಿಲ್ಲದ ಸಂಖ್ಯೆಗಳನ್ನು ಮರೆಮಾಡುವ ಒಂದು ಗುರುತು ಆ ಪಟ್ಟಿಯ ಬಳಿಯಲ್ಲಿಯೇ ಇರುತ್ತದೆ, ಅದನ್ನು ಅಳಿಸಬಾರದು. ಶಕ್ತಿಗೆ ಮೀರಿದ ವೇಗವನ್ನು ಹೇರಿದರೆ ಚಿತ್ರ ಹರಿದು ಚಿಂದಿಯಾಗಬಹುದು, ಕೆಲವು ಹಳೆಯ ಮಾನಿಟರುಗಳು ಕೆಟ್ಟೂ ಹೋಗಬಹುದು. ಹೊಸ ಸಂಖ್ಯೆಯಿಂದ ತೆರೆ ಕಪ್ಪಾಗಿಯೇ ಉಳಿದರೆ ಗಾಬರಿಗೊಂಡು ಗುಂಡಿಗಳನ್ನು ಒತ್ತದೆ ಕೆಲವು ಸೆಕೆಂಡು ಕಾಯಬೇಕು. ಒಪ್ಪಿಗೆ ದೊರೆಯದಿದ್ದಾಗ ಯಂತ್ರವು ಹಿಂದಿನ ಸಂಖ್ಯೆಗೆ ತಾನೇ ಮರಳುತ್ತದೆ. ಎರಡನೆಯದಾಗಿ, ಯಾವ ಕಾರಣಕ್ಕೂ ಮಾನಿಟರಿನ ಹಿಂಬದಿಯನ್ನು ಬಿಚ್ಚಬಾರದು. ಒಳಗೆ ಸಾವಿರಾರು ವೋಲ್ಟುಗಳ ಒತ್ತಡವಿರುತ್ತದೆ. ಸ್ವಿಚ್ಚು ಆರಿಸಿದ ಮೇಲೂ ಅದು ಸ್ವಲ್ಪ ಕಾಲ ಉಳಿದಿರಬಹುದು.

ಈಗಿನ ಚಪ್ಪಟೆ ತೆರೆಗಳಲ್ಲಿ ಈ ತೊಂದರೆಯಿಲ್ಲವೇ ಎಂದು ಕೇಳುವಿರಿ. ಎಲ್‌ಸಿಡಿ ತೆರೆಯಲ್ಲಿ ಬಿಂದುಗಳು ಹೀಗೆ ಮಂಕಾಗುವುದಿಲ್ಲ; ಅವುಗಳ ಹಿಂದೆ ಪ್ರತ್ಯೇಕವಾದ ದೀಪ ಬೆಳಗುತ್ತಿರುತ್ತದೆ. ಆದ್ದರಿಂದ ಅಲ್ಲಿ 60 ಇದ್ದರೂ ಹಳೆಯ ಮಿಣುಕು ಇರುವುದಿಲ್ಲ. 120, 144 ಎಂಬ ಹೆಚ್ಚಿನ ಸಂಖ್ಯೆಗಳು ಅಲ್ಲಿ ಚಲನೆಯನ್ನು ನಯಗೊಳಿಸುವುದಕ್ಕಾಗಿ.

ಮಾವನವರು ಆ ಪೆಟ್ಟಿಗೆಯ ಮುಂದೆ ಇನ್ನೂ ಆರು ವರ್ಷ ದುಡಿದರು. ಮಗಳ ಲಗ್ನಪತ್ರಿಕೆಯನ್ನು ಅದರಲ್ಲಿಯೇ ತಾವೇ ಅಚ್ಚು ಮಾಡಿದರು. ಅದನ್ನು ನನ್ನ ಕೈಗಿಡುತ್ತಾ ಅವರು ಹೇಳಿದ ಮಾತು ಇಂದಿಗೂ ನೆನಪಿದೆ:

“ನೋಡಪ್ಪ, ಮನುಷ್ಯ ದಣಿದಾಗ ಮೊದಲು ಅವನ ವಯಸ್ಸನ್ನು ದೂರುತ್ತೇವೆ. ಒಮ್ಮೆ ದೀಪವನ್ನೂ ನೋಡಬೇಕು.”