ತೊಟ್ಟಿಲ ಬಳಿಯ ಹಾಡು, ನಾಲಗೆಯ ಮೇಲಿನ ಕನ್ನಡ

ಸೊಲ್ಲಾಪುರದ ಓಣಿಗಳಲ್ಲಿ ಬೆಳೆಯುವ ಕೂಸಿನ ಕಿವಿಗೆ ಮೂರು ಭಾಷೆಗಳು ಬೀಳುತ್ತವೆ. ಪೇಟೆಯಲ್ಲಿ ಮರಾಠಿ, ನೇಕಾರರ ಕೇರಿಯಲ್ಲಿ ತೆಲುಗು, ನಮ್ಮ ಮನೆಗಳ ಪಡಸಾಲೆಯಲ್ಲಿ ಕನ್ನಡ. ಅಕ್ಕಲಕೋಟ ತಾಲೂಕಿನ ಎಷ್ಟೋ ಹಳ್ಳಿಗಳಲ್ಲಿ ಹೊಲಮನೆಗಳ ಮಾತು ಇಂದಿಗೂ ಕನ್ನಡವೇ. ಆದರೂ ತಾಯಿ ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಮಗು ಮರಾಠಿಯಲ್ಲಿ ಉತ್ತರ ಕೊಡುವ ಮನೆಗಳನ್ನು ನಾವೆಲ್ಲ ಬಲ್ಲೆವು. ಇದಕ್ಕಾಗಿ ಶಾಲೆಯನ್ನೂ ಸರಕಾರವನ್ನೂ ದೂರುವುದು ನಮಗೆ ರೂಢಿಯಾಗಿಬಿಟ್ಟಿದೆ. 1967ರ ಮಹಾಜನ ವರದಿಯ ಚರ್ಚೆ ಅದರ ಪಾಡಿಗೆ ನಡೆಯಲಿ. ಆದರೆ ಮಗು ಶಾಲೆಯ ಮೆಟ್ಟಿಲು ತುಳಿಯುವ ಮುಂಚಿನ ಐದು ವರ್ಷಗಳು ಯಾವ ಸರಕಾರದ ಕೈಯಲ್ಲೂ ಇಲ್ಲ. ಅವು ನಮ್ಮ ಕೈಯಲ್ಲಿಯೇ ಇವೆ. ಆ ಐದು ವರ್ಷಗಳಲ್ಲಿ ತಾಯಿತಂದೆಗಳು ಮಕ್ಕಳೊಡನೆ ಕೂಡಿ ಹಾಡುವುದರಿಂದ ಏನಾಗುತ್ತದೆಂಬುದನ್ನು ಇಲ್ಲಿ ವಿಚಾರಿಸೋಣ.

ಹೆಸರಿಲ್ಲದ ಪಾಠಶಾಲೆ

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಮುತ್ತೈದೆಯರು ಹಾಡುವ ಜೋಗುಳವೇ ನಮ್ಮಲ್ಲಿ ಮೊದಲ ಸಂಗೀತ ಪಾಠವಾಗಿತ್ತು. ಅಜ್ಜಿ ಕಾಲು ನೀಡಿ ಕುಳಿತು, ಮೊಣಕಾಲ ಮೇಲೆ ಮಗುವನ್ನು ಕುಣಿಸುತ್ತ ಪದ ಹೇಳುತ್ತಿದ್ದಳು. ತಾಯಿ ಬೀಸುಕಲ್ಲಿನ ಮುಂದೆ ಕುಳಿತರೆ ಮಗು ಅವಳ ತೊಡೆಯ ಮೇಲೆ ತಲೆಯಿಟ್ಟು, ಕಲ್ಲಿನ ಗರಗರ ಸದ್ದಿನೊಡನೆ ತ್ರಿಪದಿಯ ಲಯವನ್ನೂ ಕೇಳುತ್ತ ನಿದ್ರಿಸುತ್ತಿತ್ತು. ಪಂಚಮಿಗೆ ಜೋಕಾಲಿಯ ಹಾಡು, ಗೌರಿ ಹುಣ್ಣಿಮೆಗೆ ಸಕ್ಕರೆಯ ಆರತಿ ಹಿಡಿದ ಹುಡುಗಿಯರ ಹಾಡು, ಗುಡಿಯ ಭಜನೆಯಲ್ಲಿ ತಂದೆಯ ಕೈಯ ತಾಳ. ಇವನ್ನು ಯಾರೂ ತರಗತಿ ಎಂದು ಕರೆಯಲಿಲ್ಲ. ಆದರೆ ಮಗು ಕಲಿಯುತ್ತಿತ್ತು.

ಈ ಹಾಡುಗಳ ಬೆಲೆಯನ್ನು ಮೊದಲು ಅರಿತವರಲ್ಲಿ ಭೀಮೆಯಾಚೆಯ ವಿಜಯಪುರ ಜಿಲ್ಲೆಯ ಹಲಸಂಗಿ ಗೆಳೆಯರೂ ಇದ್ದರು. ಅವರು ಹಳ್ಳಿಯ ಹೆಂಗಳೆಯರ ಬಾಯಿಂದ ಸಂಗ್ರಹಿಸಿದ ‘ಗರತಿಯ ಹಾಡು’ 1931ರಲ್ಲಿ ಅಚ್ಚಾಯಿತು. ಪುಸ್ತಕ ಉಳಿಯಿತು, ಬೀಸುಕಲ್ಲು ಮೂಲೆ ಸೇರಿತು. ಹಿಟ್ಟಿನ ಗಿರಣಿ ಬಂದು ತಾಯಂದಿರ ತೋಳಿನ ನೋವು ಕಡಿಮೆಯಾದದ್ದು ಒಳ್ಳೆಯದೇ. ಆದರೆ ಕೆಲಸದೊಡನೆ ಹಾಡೂ ಹೊರಟುಹೋಯಿತು. ಇಂದು ಬೀಡಿ ಕಟ್ಟುವ, ಹೊಲಿಗೆ ಹಾಕುವ, ಕಚೇರಿಗೆ ಹೋಗುವ ತಾಯಿಗೆ ಪುರುಸೊತ್ತಿಲ್ಲ. ಅಜ್ಜಿ ಊರಿನಲ್ಲಿ ಉಳಿದಿದ್ದಾಳೆ. ಅಳುವ ಮಗುವಿನ ಕೈಗೆ ಮೊಬೈಲು ಬಂದಿದೆ.

ನಮ್ಮೂರಿನದೇ ಒಂದು ನಿದರ್ಶನ

ಪರಿಸರ ಎದುರಾಗಿದ್ದರೂ ಭಾಷೆಯನ್ನು ಗಳಿಸಿಕೊಳ್ಳಬಹುದೆಂಬುದಕ್ಕೆ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರೇ ಸಾಕ್ಷಿ. 1912ರಲ್ಲಿ ಜನಿಸಿ ಮರಾಠಿಯಲ್ಲಿ ಶಿಕ್ಷಣ ಪಡೆದ ಅವರು ಕನ್ನಡವನ್ನು ಸ್ವಂತ ಪ್ರಯತ್ನದಿಂದ ಕಲಿತರು. ಮುಂದೆ ಸೊನ್ನಲಿಗೆಯ ಶಿವಯೋಗಿಯ ಚರಿತ್ರೆಯನ್ನು ‘ಶ್ರೀ ಸಿದ್ಧರಾಮೇಶ್ವರ ಪುರಾಣ’ವಾಗಿ ರಚಿಸಿದಾಗ ಅವರು ಆಯ್ದುಕೊಂಡದ್ದು ತ್ರಿಪದಿಯನ್ನು, ಬೀಸುವ ಕಲ್ಲಿನ ಮುಂದೆ ನಮ್ಮ ತಾಯಂದಿರು ಹಾಡಿದ ಅದೇ ಮಟ್ಟನ್ನು. 1974ರಲ್ಲಿ ಮಂಡ್ಯದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವನ್ನೇರಿದ ಮೊದಲ ಮಹಿಳೆಯೂ ಅವರೇ. ಅವರು ದೊಡ್ಡವರಾದ ಮೇಲೆ ಶ್ರಮಪಟ್ಟು ಗಳಿಸಿದ್ದನ್ನು ನಮ್ಮ ಮಕ್ಕಳಿಗೆ ತೊಡೆಯ ಮೇಲೆಯೇ ಕೊಡಬಹುದಾಗಿರುವಾಗ ನಾವೇಕೆ ಕೊಡಬಾರದು?

ಹೊರನಾಡಿನವರು ಕಂಡುಕೊಂಡದ್ದು

ಜಪಾನಿನ ಪಿಟೀಲು ಗುರು ಶಿನಿಚಿ ಸುಜುಕಿ ಅವರು ತಮ್ಮ ಬೋಧನೆಗೆ ‘ಮಾತೃಭಾಷಾ ಪದ್ಧತಿ’ ಎಂದೇ ಹೆಸರಿಟ್ಟರು. ಮಗು ಮಾತು ಕಲಿಯುವಂತೆಯೇ ಸಂಗೀತವನ್ನೂ ಕೇಳಿ ಕೇಳಿ, ತಾಯಿತಂದೆಗಳ ಜೊತೆಯಲ್ಲಿ ಕಲಿಯಬೇಕೆಂಬುದು ಅವರ ಮತ. 2012ರಲ್ಲಿ ಕೆನಡಾದ ಸಂಶೋಧಕರು ಇನ್ನೊಂದು ಸಂಗತಿಯನ್ನು ಪ್ರಕಟಿಸಿದರು. ಆರು ತಿಂಗಳ ಕೂಸುಗಳ ಎರಡು ಗುಂಪುಗಳು ಆರು ತಿಂಗಳ ಕಾಲ ವಾರಕ್ಕೊಮ್ಮೆ ಸೇರಿದವು. ಒಂದರಲ್ಲಿ ಪಾಲಕರು ಕೂಸುಗಳೊಡನೆ ತಾವೇ ಹಾಡಿ ತಾಳ ಹಾಕಿದರು; ಇನ್ನೊಂದರಲ್ಲಿ ಮುದ್ರಿತ ಸಂಗೀತ ಕೇಳಿಬರುತ್ತಿರಲು ಕೂಸುಗಳು ಆಟಿಕೆಗಳೊಡನೆ ಆಡಿದವು. ಮೊದಲ ಗುಂಪಿನ ಮಕ್ಕಳು ಹೆಚ್ಚು ನಗುತ್ತಿದ್ದವು. ಬೇಕಾದ ವಸ್ತುವನ್ನು ಬೆರಳಿಟ್ಟು ತೋರಿಸುವುದು, ಕೈಬೀಸಿ ಬೀಳ್ಕೊಡುವುದು ಮೊದಲಾದ ಸನ್ನೆಗಳಲ್ಲಿಯೂ ಅವು ಮುಂದಿದ್ದವು.

2003ರಲ್ಲಿ ಅಮೆರಿಕದ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಒಂಬತ್ತು ತಿಂಗಳ ಕೂಸುಗಳಿಗೆ ಚೀನೀ ಭಾಷೆಯನ್ನು ಕೇಳಿಸಿದರು. ಎದುರಿಗೆ ಕುಳಿತು ಆಡಿಸುತ್ತ ಮಾತಾಡಿದವರಿಂದ ಕೂಸುಗಳು ಆ ಭಾಷೆಯ ಧ್ವನಿಭೇದಗಳನ್ನು ಕಲಿತವು. ಅದೇ ಮಾತು ಪರದೆಯಿಂದ ಬಂದಾಗ ಕಲಿಯಲಿಲ್ಲ. ಮೊಬೈಲಿನಲ್ಲಿ ಕನ್ನಡ ಶಿಶುಗೀತೆ ಹಚ್ಚಿಟ್ಟು ನಮ್ಮ ಕರ್ತವ್ಯ ತೀರಿತೆಂದು ತಿಳಿಯುವವರು ಇದನ್ನು ಗಮನಿಸಬೇಕು. ವರ್ಷ ತುಂಬದ ಕೂಸಿಗೆ ಪರದೆಯೇ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಸೂಚಿಸಿದೆ. ಪರದೆ ಹಾಡುತ್ತದೆ, ಆದರೆ ಕೂಸಿನ ಕೇಕೆಗೆ ಓಗೊಡುವುದಿಲ್ಲ.

ಕೆಲವು ಶಂಕೆಗಳು

‘ನಮಗೆ ಕಂಠವಿಲ್ಲ’ ಎನ್ನುವವರುಂಟು. ಕೂಸು ಶ್ರುತಿಯ ಪರೀಕ್ಷೆಗೆ ಕುಳಿತಿಲ್ಲ. ಅದಕ್ಕೆ ತನ್ನವರ ದನಿ ಸಾಕು. ‘ಕನ್ನಡ, ಮರಾಠಿ ಎರಡೂ ಬಿದ್ದರೆ ಮಗು ಗೊಂದಲಕ್ಕೀಡಾಗದೇ?’ ಎನ್ನುವವರೂ ಉಂಟು. ಎರಡು ಭಾಷೆ ಕೇಳಿ ಬೆಳೆಯುವ ಮಕ್ಕಳು ಕೆಲಕಾಲ ಪದಗಳನ್ನು ಬೆರೆಸಬಹುದು; ಅದು ದೋಷವಲ್ಲ, ಕಲಿಕೆಯ ದಾರಿ. ಆದರೆ ಹಾಡೊಂದರಿಂದಲೇ ಭಾಷೆ ಉಳಿಯುವುದೆಂದು ನಾವು ಹೇಳುತ್ತಿಲ್ಲ. ಹಾಡಿನ ಹಿಂದೆ ಮಾತು ಬರಬೇಕು, ಮಾತಿನ ಹಿಂದೆ ಕತೆ, ಕತೆಯ ಹಿಂದೆ ಅಕ್ಷರ. ಹಾಡು ಬಾಗಿಲು ತೆರೆಯುತ್ತದೆ. ಒಳಗೆ ಕರೆದೊಯ್ಯುವವರು ನಾವೇ.

ವಾರಕ್ಕೊಂದು ಅರ್ಧ ಗಂಟೆ

ನಮ್ಮ ರಾಜ್ಯದಲ್ಲಿಯೇ ತಾರಾಬಾಯಿ ಮೋಡಕ್ ಅವರು 1945ರಲ್ಲಿ ಬೋರ್ಡಿಯಲ್ಲಿ ಬಾಲಶಿಕ್ಷಣ ಕೇಂದ್ರವನ್ನು ಆರಂಭಿಸಿ, ಶಾಲೆಗೆ ಬಾರದ ಮಕ್ಕಳಿದ್ದಲ್ಲಿಗೆ, ಅವರ ಮನೆಯ ಅಂಗಳಕ್ಕೇ ಶಿಕ್ಷಣವನ್ನು ಒಯ್ದರು. ಆ ಅಂಗಳ ನಮ್ಮಲ್ಲಿಯೂ ಇದೆ. ಆರೆಂಟು ಮನೆಗಳವರು ಒಂದು ಗುಡಿಯ ಪೌಳಿಯಲ್ಲೋ ಒಬ್ಬರ ಪಡಸಾಲೆಯಲ್ಲೋ ವಾರಕ್ಕೊಮ್ಮೆ ಅರ್ಧ ಗಂಟೆ ಕೂಡಿದರೆ ಸಾಕು. ಚಾಪೆಯ ಮೇಲೆ ದುಂಡಗೆ ಕುಳಿತು, ಪ್ರತಿ ಮಗುವಿನ ಹೆಸರು ಸೇರಿಸಿ ಒಂದು ಹಾಡಿನಿಂದ ಆರಂಭಿಸಬೇಕು. ಬಳಿಕ ತೊಡೆಯ ಮೇಲೆ ಕುಣಿಸುವ ಪದ, ಚಪ್ಪಾಳೆಯ ಪದ, ಎದ್ದು ಹೆಜ್ಜೆ ಹಾಕುವ ಪದ, ಕೊನೆಗೆ ಜೋಗುಳ. ಪ್ರತಿ ವಾರ ಹೊಸದನ್ನು ಹುಡುಕಬೇಕಿಲ್ಲ; ಹೇಳಿದ್ದನ್ನೇ ಹೇಳಿದರೆ ಮಕ್ಕಳಿಗೆ ಹಿಗ್ಗು.

ವಾದ್ಯಗಳಿಗೆ ಹಣ ಬೇಡ. ಗಿಲಕಿ, ಹಗುರಾದ ತಾಳ, ಬೋರಲು ಹಾಕಿದ ಬೋಗುಣಿ ಸಾಕು. ಡಬ್ಬಿಯಲ್ಲಿ ಜೋಳ ಹಾಕಿ ಅಲ್ಲಾಡಿಸಲು ಕೊಡುವುದಾದರೆ ಮುಚ್ಚಳವನ್ನು ಭದ್ರವಾಗಿ ಬಿಗಿಯಬೇಕು. ಕಾಳು ಮಗುವಿನ ಗಂಟಲಿಗೋ ಮೂಗಿಗೋ ಸೇರಬಾರದು. ಓಡಾಡುವ ಮಗುವನ್ನು ಗದರಿಸಿ ಕೂಡಿಸಬಾರದು. ಅದು ಮೂಲೆಯಲ್ಲಿ ನಿಂತೇ ಕೇಳುತ್ತಿರುತ್ತದೆ. ಸ್ಪರ್ಧೆ, ಬಹುಮಾನ, ವೇದಿಕೆ ಯಾವುದೂ ಬೇಡ. ನೆರೆಮನೆಯ ಮರಾಠಿ, ತೆಲುಗು ತಾಯಂದಿರು ಬಂದರೆ ಅವರ ಅಂಗಾಯಿ ಗೀತೆಯೂ ಲಾಲಿ ಪಾಟೆಯೂ ಸೇರಲಿ. ನಮ್ಮದನ್ನು ಉಳಿಸಿಕೊಳ್ಳಲು ಇನ್ನೊಬ್ಬರದನ್ನು ದೂರವಿಡಬೇಕಾಗಿಲ್ಲ.

ತಂದೆಯಂದಿರಿಗೆ ಒಂದು ಮಾತು. ಸಂಕ್ರಾಂತಿಯ ಸಿದ್ಧರಾಮೇಶ್ವರ ಜಾತ್ರೆಯಲ್ಲಿ ಏಳು ನಂದಿಧ್ವಜಗಳ ಮೆರವಣಿಗೆಯನ್ನು ಕಾಣಿಸಲು ನೀವು ಮಗುವನ್ನು ಹೆಗಲ ಮೇಲೆ ಕೂಡಿಸಿಕೊಳ್ಳುತ್ತೀರಿ. ಅದೇ ಹೆಗಲ ಮೇಲೆ ವಾರಕ್ಕೊಮ್ಮೆ ಅದು ನಿಮ್ಮ ದನಿಯನ್ನೂ ಕೇಳಲಿ.

ಮೊದಲ ಕೆಲಸವನ್ನು ಈ ತಿಂಗಳೇ ಮಾಡಬಹುದು. ಮನೆಯಲ್ಲೋ ಊರಲ್ಲೋ ಇರುವ ಅಜ್ಜಿಯ ಬಳಿ ಕುಳಿತು, ಅವಳಿಗೆ ಬರುವ ಜೋಗುಳಗಳನ್ನೂ ಮಕ್ಕಳಾಟದ ಪದಗಳನ್ನೂ ಒಂದು ವಹಿಯಲ್ಲಿ ಬರೆದುಕೊಳ್ಳಿರಿ. ಧಾಟಿಯನ್ನು ಅದೇ ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಿರಿ. ನೀವು ಕಲಿತ ಮೇಲೆ ಮೊಬೈಲನ್ನು ಗೂಡಿನಲ್ಲಿಟ್ಟು, ಮಗುವನ್ನು ತೊಡೆಗೆ ತೆಗೆದುಕೊಂಡು, ನೀವೇ ಹಾಡಿರಿ.